48ಕೆ/10: ಕಡಲೂರಿನ ಹಾಳೆ

ಸರ್ವೆ ಆಫ್ ಇಂಡಿಯಾದ ಲೆಕ್ಕದಲ್ಲಿ ಉಡುಪಿ ಜಿಲ್ಲೆಯ ಕಡಲತಡಿಯ ಊರು ತ್ರಾಸಿಯ ವಿಳಾಸ 48ಕೆ/10. ಗಂಗೊಳ್ಳಿ, ಮರವಂತೆ, ಕುಂದಾಪುರ ಎಲ್ಲವೂ ಇದೇ ನಕ್ಷೆಯ ಹಾಳೆಯಲ್ಲಿ, ಅಂದರೆ ಟೊಪೊಶೀಟಿನಲ್ಲಿವೆ. ಸೌಪರ್ಣಿಕೆ ಹರಿದುಬರುವ ಕೊಡಚಾದ್ರಿ ಮಾತ್ರ 48ಕೆ/13ರಲ್ಲಿದೆ.

ಇಂಥ ಹಾಳೆಗಳ ಹಿಂದೆ ಎರಡು ಶತಮಾನಗಳ ಅಳತೆಯಿದೆ. 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಮೊದಲ ಗೆರೆ ಅಳೆದು, ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಮಂಗಳೂರು ಕರಾವಳಿಗೆ ಬಂದ. ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿ ಇದ್ದ ಪರ್ಯಾಯ ದ್ವೀಪದ ಅಗಲ ಆಗ 360ಕ್ಕೆ ಇಳಿಯಿತು. ಆ ಚೌಕಟ್ಟಿನೊಳಗೆ ಹೊಳೆ, ಗುಡ್ಡೆ, ಹಾಡಿ, ದಾರಿಗಳನ್ನು ತುಂಬಿದ್ದು ಪ್ಲೇನ್ ಟೇಬಲ್. ಮುಕ್ಕಾಲಿಯ ಮೇಲೊಂದು ಹಲಗೆ, ಹಲಗೆಯ ಮೇಲೆ ಕಾಗದ. ಕಂಡದ್ದನ್ನು ನಿಂತಲ್ಲೇ ಬರೆಯಬೇಕು. 1902ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ನಕ್ಷೆಗೆ ಹೊರಟ ಫ್ರಾಂಸ್ವಾ ಮ್ಯಾಥೆಸ್ ಹೊತ್ತದ್ದೂ ಇಂಥದೇ ಹಲಗೆಯನ್ನು.

ಆ ಮರುಭೂಮಿಯ ಕಮರಿಯಲ್ಲಿ ಎತ್ತರದ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ನಮ್ಮಲ್ಲಿ ಕಷ್ಟ ಇದಕ್ಕೆ ತೀರ ವಿರುದ್ಧ. 1:50,000 ಹಾಳೆಯಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು ಕಂದುಗೆರೆ. ಹೊಯಿಗೆ, ತೆಂಗಿನ ತೋಟ, ಬೈಲು, ಮೀನುಗಾರರ ಮನೆಗಳು ಆ ಮೊದಲ ಗೆರೆಯ ಕೆಳಗೇ ಮುಗಿದುಹೋಗುತ್ತವೆ. ಅಲ್ಲಿ ಗೆರೆಯಿಲ್ಲ, ಹೊಯಿಗೆಗೆ ಚುಕ್ಕಿ, ಬೇಸಾಯಕ್ಕೆ ಹಳದಿ, ಮನೆಗೆ ಕೆಂಪು. ಹಾಳೆಯ ಒಂದು ಮಿಲಿಮೀಟರ್ ಎಂದರೆ ನೆಲದ 50 ಮೀಟರ್. ಮರವಂತೆಯಲ್ಲಿ ಕಡಲು, ಹೆದ್ದಾರಿ, ಹೊಳೆ ಮೂರೂ ಕೆಲವೇ ಮಿಲಿಮೀಟರುಗಳಲ್ಲಿ ಹಿಡಿಯಬೇಕು. ಕಡಲ ಹತ್ತಿರ ಬಂದರೂ ಸೇರದೆ, ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿ ಅಳಿವೆಗೆ ಹೋಗುವ ಸೌಪರ್ಣಿಕೆಯ ಆ ತಿರುವನ್ನು ಬಿಡಿಸಿದ ಕೈಗೆ ನನ್ನ ನಮಸ್ಕಾರ.

ಕರಾವಳಿಯಿಂದ 80 ಕಿಲೋಮೀಟರ್ ಒಳಗಿನ ಟೊಪೊಶೀಟುಗಳು ಬಹುಕಾಲ ನಿರ್ಬಂಧಿತವಾಗಿದ್ದವು. ತ್ರಾಸಿಯವರಿಗೆ ತಮ್ಮೂರಿನ ನಕ್ಷೆಯೇ ಸುಲಭಕ್ಕೆ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಜನರ ಬಳಕೆಗೆಂದೇ ಬೇರೆ ಸರಣಿ ತಂದಿತು. 2017ರಲ್ಲಿ ‘ನಕ್ಷೆ’ ಪೋರ್ಟಲ್ ಆ ಸರಣಿಯ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಕೊಟ್ಟಿತು. ಹಳೆಯ ಒಂದಿಂಚು–ಒಂದು ಮೈಲಿ ಹಾಳೆಯನ್ನು ಹೊಸದರ ಪಕ್ಕದಲ್ಲಿಟ್ಟರೆ ರಸ್ತೆ, ಊರು, ಕುದ್ರುಗಳ ಅಂಚು ಎಲ್ಲೆಲ್ಲಿ ಬದಲಾಗಿವೆ ಎಂದು ಹುಡುಕಬಹುದು. ಕಡಲ್ಕೊರೆತಕ್ಕೆ ಕಲ್ಲು ಸುರಿಯುವ ಈ ದಂಡೆಯ ಶಾಲೆಗಳಲ್ಲಿ ಆ ಎರಡೂ ಹಾಳೆಗಳು ಗೋಡೆಯ ಮೇಲೆ ಇರಬೇಕು, ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ.