ವಿಶಲ್ ಊದದ ಕೋಚ್

ಕೋಣನಕುಂಟೆಯ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಸಂಜೆ ಐದೂವರೆಗೆ ನಮ್ಮ ಬ್ರಾಂಚ್‌ನ ಫುಟ್‌ಬಾಲ್ ಪ್ರಾಕ್ಟೀಸ್. ಕೋಚ್ ಇಲ್ಲ, ಕ್ಯಾಪ್ಟನ್ ಆದ ನಾನೇ ಎಲ್ಲ. ಕೊರಳಿಗೆ ವಿಶಲ್ ಬಿದ್ದದ್ದೇ ತಡ, ನನ್ನ ದನಿಯೇ ಬದಲಾಯಿತು. ತಡವಾಗಿ ಬಂದವನಿಗೆ ಹತ್ತು ರೌಂಡ್, ಪಾಸ್ ತಪ್ಪಿದವನಿಗೆ ಎಲ್ಲರೆದುರು ಬೈಗುಳ. ಮೂರನೇ ವಾರಕ್ಕೆ ಫಸ್ಟ್ ಇಯರ್ ಹುಡುಗನೊಬ್ಬ ಬರುವುದನ್ನೇ ಬಿಟ್ಟ. 'ಅವನಿಗೆ ಶಿಸ್ತಿಲ್ಲ' ಎಂದು ನಾನು ಸುಮ್ಮನಾದೆ.

ಆಗಲೇ ಜಾನ್ ಗಲಾರ್ಡಿ ಬಗ್ಗೆ ಓದಿದ್ದು. ಅವರದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಹಿಡಿದು ಓಡುವ, ಎದುರಾಳಿಯನ್ನು ಕೆಡವುವ ಅಮೆರಿಕನ್ ಫುಟ್‌ಬಾಲ್. 1943ರಲ್ಲಿ ಕೊಲೊರಾಡೊದ ಟ್ರಿನಿಡಾಡ್ ಊರಿನಲ್ಲಿ ಅವರ ಹೈಸ್ಕೂಲಿನ ಕೋಚ್ ಯುದ್ಧಕ್ಕೆ ಹೋದರು. 16 ವರ್ಷದ ಕ್ಯಾಪ್ಟನ್ ಜಾನ್ ಆ ಜಾಗಕ್ಕೆ ನಿಂತರು. ಹಳೆಯ ಕೋಚ್ ಅಭ್ಯಾಸದ ನಡುವೆ ನೀರು ಕುಡಿಯಲು ಬಿಡುತ್ತಿರಲಿಲ್ಲ, ಮೈದಾನ ಸುತ್ತಿಸುತ್ತಿದ್ದರು. ಜಾನ್ ಮೊದಲು ತೆಗೆದುಹಾಕಿದ್ದು ಇವನ್ನೇ.

ಮುಂದೆ 1949ರಿಂದ ಮೊಂಟಾನಾದ ಕ್ಯಾರಲ್ ಕಾಲೇಜು, 1953ರಿಂದ 2012ರವರೆಗೆ ಮಿನ್ನೆಸೋಟದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ. ಒಟ್ಟು 64 ಸೀಸನ್. ಅಭ್ಯಾಸದಲ್ಲಿ ವಿಶಲ್ ಇಲ್ಲ, ಕೆಡವುವುದಿಲ್ಲ, ಒಂದೂವರೆ ಗಂಟೆ ಮೀರುವುದಿಲ್ಲ, ಆಡಲು ಬಂದ ಯಾರನ್ನೂ ಕೈಬಿಡುವುದಿಲ್ಲ. ಹುಡುಗರು ಅವರನ್ನು 'ಕೋಚ್' ಎನ್ನುವಂತಿರಲಿಲ್ಲ, 'ಜಾನ್' ಎನ್ನಬೇಕಿತ್ತು. ಸರ್ ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆಯೇ ಏಳುವುದಿಲ್ಲ!

ಹಾಗಂತ ಅಲ್ಲಿ ಸಡಿಲಿಕೆ ಇರಲಿಲ್ಲ. ಒಂದೊಂದು ನಡೆಯನ್ನೂ ತಪ್ಪಿಲ್ಲದೆ ಬರುವವರೆಗೆ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಆಟಗಾರರಿಗೆ ಕ್ರೀಡಾ ಸ್ಕಾಲರ್‌ಷಿಪ್ ಕೊಡದ ಕಾಲೇಜು ಅದು. ಅಲ್ಲಿದ್ದುಕೊಂಡೇ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 86ನೇ ವಯಸ್ಸಿನಲ್ಲಿ ನಿವೃತ್ತರಾದಾಗ ಅವರ ಖಾತೆಯಲ್ಲಿ 489 ಗೆಲುವುಗಳಿದ್ದವು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅದೇ ದಾಖಲೆ. 2018ರಲ್ಲಿ ತೀರಿಕೊಂಡರು.

ಹೆದರಿಸಿದರೆ ಶಿಸ್ತು ಬರುತ್ತದೆ ಎಂದುಕೊಂಡಿದ್ದೆ. 16ರ ಹುಡುಗನಿಗೆ ಹೊಳೆದದ್ದು 20ರ ನನಗೆ ಹೊಳೆದಿರಲಿಲ್ಲ. ನಾಳೆ ಕ್ಲಾಸಿನಲ್ಲಿ, ಮುಂದೆ ಆಫೀಸಿನಲ್ಲಿ ನಮ್ಮ ಕೈಕೆಳಗೆ ನಾಲ್ಕು ಜನ ಬಂದೇ ಬರುತ್ತಾರೆ. ಅವರು ನಮಗೆ ಹೆದರಿ ಬರಬೇಕೋ, ಕೆಲಸ ಕಲಿಯಲು ಬರಬೇಕೋ?

ನಿನ್ನೆ ಆ ಜೂನಿಯರ್‌ಗೆ ಫೋನ್ ಮಾಡಿ ಸಾರಿ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಸೋಮವಾರ ಬರ್ತೀನಿ ಅಣ್ಣಾ' ಅಂದ. ವಿಶಲ್ ಮನೆಯಲ್ಲೇ ಇರುತ್ತದೆ. ನೀರಿನ ಕ್ಯಾನ್ ನಾನೇ ಹೊತ್ತು ತರುತ್ತೇನೆ.