ನಿದ್ದೆಗೆ ಬಾಟಲಿ, ಬಿತ್ತನೆಗೆ ಕೂರಿಗೆ: ನಡಕಟ್ಟಿನರ ಆವಿಷ್ಕಾರದ ಬಗೆ

ಹೊಸ ಸಾಧನ ಕಂಡುಹಿಡಿಯಲು ಹೊರಡುವವರು ಸಾಮಾನ್ಯವಾಗಿ ಯಂತ್ರದ ಕಲ್ಪನೆಯಿಂದಲೇ ಆರಂಭಿಸುತ್ತಾರೆ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ರೈತ ಅಬ್ದುಲ್ ಖಾದರ್ ನಡಕಟ್ಟಿನ ಅವರು ಎದುರಿಗಿದ್ದ ತೊಂದರೆಯಿಂದ ಆರಂಭಿಸಿದರು.

ಮೊದಲ ತೊಂದರೆ ನಿದ್ದೆ. ಅಲಾರಾಂ ಬಾರಿಸಿದರೂ ಅವರಿಗೆ ಬೆಳಗಿನ ಜಾವ ಎಚ್ಚರವಾಗುತ್ತಿರಲಿಲ್ಲ. ಇನ್ನಷ್ಟು ಜೋರಾದ ಗಂಟೆ ಹುಡುಕುವುದು ಯಾರಿಗಾದರೂ ಹೊಳೆಯುವ ಉಪಾಯ. ಆದರೆ ಸದ್ದಿಗೆ ಏಳದ ಮೈಗೆ ಬೇರೆಯದೇ ಎಚ್ಚರಿಕೆ ಬೇಕಿತ್ತು. ಕೀಲಿ ಕೊಡುವ ಗಡಿಯಾರದಲ್ಲಿ ಅಲಾರಾಂ ಮೊಳಗುವಾಗ ಅದರ ಕೀಲಿ ಹಿಮ್ಮುಖವಾಗಿ ತಿರುಗುತ್ತದೆ. ನಡಕಟ್ಟಿನ ಆ ಕೀಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಬಿಗಿದರು. ದಾರ ಸುತ್ತಿಕೊಂಡಂತೆ ಬಾಟಲಿ ವಾಲಿ, ನೀರು ನೇರ ಮುಖದ ಮೇಲೆ! ಹಾಸಿಗೆ ಒಣಗಿಸುವ ಕೆಲಸ ಯಾರ ಪಾಲಿಗೆ ಬಂತೋ. ಗಡಿಯಾರದಲ್ಲಿ ಆಗಲೇ ಇದ್ದ ಚಲನೆಯನ್ನು ಬಳಸಿಕೊಂಡದ್ದೇ ಇಲ್ಲಿನ ಜಾಣ್ಮೆ.

ಮುಂದಿನದು ಹೊಟ್ಟೆಪಾಡಿನ ಪ್ರಶ್ನೆ. ಒಣಭೂಮಿಯಲ್ಲಿ ನೆಟ್ಟ ಮಾವು, ಸಪೋಟ ಕೈಕೊಟ್ಟವು; ಹುಣಸೆ ಉಳಿಯಿತು. ಫಸಲು ಕೈಗೆ ಬಂದಾಗ ಹಣ್ಣಿನಿಂದ ಬೀಜ ಬೇರ್ಪಡಿಸುವ ಕೆಲಸಕ್ಕೆ ಕೂಲಿಯಾಳು, ಸಮಯ ಎರಡೂ ಸಾಲದಾದವು. ಹೀಗೆ ಒಂದು ಪರಿಹಾರವೇ ತಂದ ಹೊಸ ಸಮಸ್ಯೆಯಿಂದ ಹುಣಸೆಬೀಜ ಬೇರ್ಪಡಿಸುವ ಯಂತ್ರ ಹುಟ್ಟಿತು.

ರೈತರಿಗೆ ಹೆಚ್ಚು ನೆರವಾದದ್ದು ಟ್ರ್ಯಾಕ್ಟರ್‌ಗೆ ಜೋಡಿಸುವ ಕೂರಿಗೆ. ಮಳೆಯಾಶ್ರಿತ ಬೇಸಾಯದಲ್ಲಿ ನೆಲದ ಹದ ಆರುವ ಮುನ್ನವೇ ಬಿತ್ತಬೇಕು, ಆಳುಗಳಿಗಾಗಿ ಕಾಯುವಂತಿಲ್ಲ. ಈ ಕೂರಿಗೆ ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ನೆಲಕ್ಕಿಳಿಸುತ್ತದೆ. ಉತ್ತರ ಕರ್ನಾಟಕದ ರೈತರಿಗೆ ಅದು 'ನಡಕಟ್ಟಿನ ಕೂರಿಗೆ' ಎಂದೇ ಪರಿಚಿತ. ತಳಮಟ್ಟದ ಆವಿಷ್ಕಾರಕ್ಕಾಗಿ 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.