ಬಿಚ್ಚಲು ಬರುವ ಲ್ಯಾಪ್‌ಟಾಪ್, ಬದಲಿಸಲು ಬರುವ ವ್ಯವಸ್ಥೆ



2025ನೇ ಇಸವಿಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಆ ದಿನ ಯಾರ ಮನೆಯ ಗಣಕಯಂತ್ರವೂ ಕೆಟ್ಟು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆಯೇ ಪರದೆ ಬೆಳಗಿತು. ಆದರೆ ಅಂದಿನಿಂದಾಚೆಗೆ ಅದರಲ್ಲಿ ಕಂಡುಬರುವ ಭದ್ರತೆಯ ಬಿರುಕುಗಳಿಗೆ ತೇಪೆ ಹಾಕುವ ಹೊಣೆ ಸಂಸ್ಥೆಯದಲ್ಲವೆಂದಾಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಇನ್ನೊಂದು ವರ್ಷ ಭದ್ರತಾ ತೇಪೆಗಳನ್ನು ಕೊಡುವುದಾಗಿ ಅದು ಘೋಷಿಸಿತ್ತು, ಅಷ್ಟೆ.

ಹಾಗಾದರೆ ನಿಮ್ಮ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿರುವ ಏಳೆಂಟು ವರ್ಷದ ಲ್ಯಾಪ್‌ಟಾಪನ್ನು ಏನು ಮಾಡಬೇಕು? ಅಂಗಡಿಯವರನ್ನು ಕೇಳಿದರೆ ಹೊಸದನ್ನು ಕೊಳ್ಳಿ ಎನ್ನುತ್ತಾರೆ. ಅದು ಅವರ ವ್ಯಾಪಾರ. ಗಣಕಯಂತ್ರವನ್ನು ಹವ್ಯಾಸವಾಗಿ ಇಟ್ಟುಕೊಂಡಿರುವ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಈ ಯಂತ್ರವನ್ನು ನಾನು ಬಿಚ್ಚಬಲ್ಲೆನೇ? ಇದರೊಳಗಿನ ವ್ಯವಸ್ಥೆಯನ್ನು ನಾನು ಬದಲಿಸಬಲ್ಲೆನೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಆ ಯಂತ್ರಕ್ಕೆ ಇನ್ನೂ ಆಯುಷ್ಯವಿದೆ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಂಬ ಕರಿಯ ಲ್ಯಾಪ್‌ಟಾಪನ್ನು ನೀವು ನೋಡಿರಬಹುದು. 1992ರಲ್ಲಿ ಐ.ಬಿ.ಎಂ. ಆರಂಭಿಸಿದ ಈ ಮಾಲಿಕೆ 2005ರಲ್ಲಿ ಲೆನೊವೊ ಕೈಗೆ ಬಂತು. ಇದರಲ್ಲಿ 2017ರ ಟಿ470 ಮತ್ತು 2018ರ ಟಿ480 ಎಂಬ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರಲ್ಲೂ ರ‍್ಯಾಮ್ ಕೂರಿಸಲು ಎರಡೆರಡು ಸ್ಲಾಟ್‌ಗಳಿವೆ. ಎರಡರಲ್ಲೂ ಒಳಗೊಂದು, ಹೊರಗೊಂದು ಬ್ಯಾಟರಿ. ಒಂದರ ಹೊರ ಬ್ಯಾಟರಿ ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಟಿ470ರಲ್ಲಿರುವುದು ಇಂಟೆಲ್‌ನ ಆರನೆಯ ಅಥವಾ ಏಳನೆಯ ಪೀಳಿಗೆಯ ಪ್ರೊಸೆಸರ್, ಟಿ480ರ ಹೆಚ್ಚಿನವುಗಳಲ್ಲಿ ಎಂಟನೆಯದು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಜೊತೆಗೆ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆ ಅಥವಾ ಅದರಾಚೆಯದೇ ಬೇಕು. ಹೀಗೆ ಒಂದೇ ವರ್ಷದ ಅಂತರದಲ್ಲಿ ತಮ್ಮನಿಗೆ ಪ್ರವೇಶ, ಅಣ್ಣನಿಗೆ ಬಾಗಿಲು ಬಂದ್. ಯಂತ್ರ ಸವೆದಿಲ್ಲ, ಪಟ್ಟಿ ಬದಲಾಗಿದೆ ಎಂಬುದನ್ನು ಗಮನಿಸಿ.

ಈಗ ಬಿಚ್ಚುವ ವಿಚಾರಕ್ಕೆ ಬರೋಣ. ಲ್ಯಾಪ್‌ಟಾಪ್‌ಗಳು ತೆಳ್ಳಗಾದಷ್ಟೂ ಅವುಗಳ ಒಳಗೆ ಬೆಸುಗೆ ಮತ್ತು ಅಂಟು ಹೆಚ್ಚಾದವು. ಆಪಲ್ ಕಂಪನಿ 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದು, ಬ್ಯಾಟರಿಯನ್ನು ಅಂಟಿಸಿತು. ಆ ಫ್ಯಾಷನ್ ಉಳಿದವರಿಗೂ ಹತ್ತಿತು. ಥಿಂಕ್‌ಪ್ಯಾಡ್ ಕೂಡ ಇದಕ್ಕೆ ಹೊರತಲ್ಲ: 2019ರ ಟಿ490ರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿನಲ್ಲೇ ಬೆಸೆದು ಒಂದೇ ಸ್ಲಾಟ್ ಉಳಿಸಿದರು, ಹೊರ ಬ್ಯಾಟರಿಯನ್ನು ತೆಗೆದೇಬಿಟ್ಟರು. ಆದ್ದರಿಂದ ಕಂಪನಿಯ ಹೆಸರು ನೋಡಿ ಕೊಂಡರೆ ಸಾಲದು, ಮಾದರಿಯ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಓದಬೇಕು. ಟಿ480 ಬೇರೆ, ಟಿ480ಎಸ್ ಬೇರೆ. ಆ ಒಂದು ‘ಎಸ್’ ಬಂದರೆ ಎರಡು ಸ್ಲಾಟ್ ಹೋಗಿ ಒಂದಾಗುತ್ತದೆ, ಹೊರ ಬ್ಯಾಟರಿಯೂ ಇರುವುದಿಲ್ಲ.

ಬೆಸೆದ ರ‍್ಯಾಮ್ ಕೆಟ್ಟರೆ ಇಡೀ ಬೋರ್ಡೇ ಕೆಟ್ಟ ಹಾಗೆ. ಸ್ಲಾಟಿನ ರ‍್ಯಾಮ್ ಕೆಟ್ಟರೆ ಐದು ನಿಮಿಷದ ಕೆಲಸ. ಗಡಿಯೂರುಗಳಲ್ಲಿರುವ ನಮಗೆ ಈ ವ್ಯತ್ಯಾಸ ಇನ್ನಷ್ಟು ದೊಡ್ಡದು. ಹೊಸೂರಿನವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರವೆನ್ನೋಣ. ಕಾಸರಗೋಡಿನವರು ಮಂಗಳೂರಿಗೆ ಹೋಗಿ ಬರಬಹುದು, ತಾಳವಾಡಿಯವರು ಚಾಮರಾಜನಗರ ದಾಟಿ ಮೈಸೂರಿಗೆ. ಜತ್ತ ಅಥವಾ ಅಕ್ಕಲಕೋಟೆಯ ಹಳ್ಳಿಯವರು, ಆದವಾನಿ ಸೀಮೆಯವರು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಹುಡುಕಿಕೊಂಡು ಹೊರಟರೆ ಒಂದು ದಿನದ ಕೂಲಿ ಬಸ್ಸಿಗೇ ಹೋಯಿತು, ಯಂತ್ರ ವಾರಗಟ್ಟಲೆ ಅಲ್ಲೇ ಕುಳಿತಿತು. ಅದಕ್ಕೆ ಬದಲು ಸ್ಕ್ರೂ ಡ್ರೈವರ್ ಹಿಡಿದರೆ ನೀವೇ, ಇಲ್ಲವೇ ನಿಮ್ಮ ಪೇಟೆಯ ಮೊಬೈಲ್ ರಿಪೇರಿ ಹುಡುಗ ಸರಿಮಾಡಬಹುದಾದ ಯಂತ್ರ ಎಷ್ಟೋ ವಾಸಿ. ಥಿಂಕ್‌ಪ್ಯಾಡ್‌ಗೆ ಯಾವ ಸ್ಕ್ರೂ ಎಲ್ಲಿದೆ, ಯಾವ ಭಾಗದ ನಂಬರ್ ಏನು ಎಂಬುದನ್ನೆಲ್ಲ ಚಿತ್ರಸಹಿತ ತಿಳಿಸುವ ದುರಸ್ತಿ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ತೆರೆದಿಟ್ಟಿದೆ. ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಮಾಲಿಕೆಗಳಿಗೂ ಇಂತಹ ಕೈಪಿಡಿಗಳಿವೆ. ಇವು ಕಚೇರಿಗಳಿಗಾಗಿ ತಯಾರಾದ ಯಂತ್ರಗಳು. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ರಾಶಿಯಾಗಿ ಮಾರಿದಾಗ ನಮ್ಮಂಥವರಿಗೆ ಕಡಿಮೆ ಬೆಲೆಗೆ ಸಿಗುತ್ತವೆ. ಅಂಗಡಿಯ ಗಾಜಿನ ಹಿಂದೆ ಮಿಂಚುವ ಅಗ್ಗದ ಹೊಸ ಲ್ಯಾಪ್‌ಟಾಪಿಗಿಂತ ಇಂತಹ ಹಳೆಯದೊಂದು ಹವ್ಯಾಸಿಗೆ ಉತ್ತಮವೆಂದೇ ನನ್ನ ಅಭಿಪ್ರಾಯ.

ರಿಪೇರಿಯನ್ನೇ ಮುಖ್ಯವಾಗಿಟ್ಟುಕೊಂಡ ಹೊಸ ಕಂಪನಿಯೂ ಒಂದಿದೆ. ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆ 2021ರಲ್ಲಿ ಮಾರುಕಟ್ಟೆಗೆ ತಂದ ಲ್ಯಾಪ್‌ಟಾಪಿನಲ್ಲಿ ಪರದೆ, ಕೀಲಿಮಣೆ, ಬ್ಯಾಟರಿ, ಕೊನೆಗೆ ಮದರ್‌ಬೋರ್ಡನ್ನೂ ಕೊಂಡವರೇ ಬದಲಿಸಬಹುದು. ಮುಂದೆ ಬಂದ ಹೊಸ ಬೋರ್ಡುಗಳು ಹಳೆಯ ಕವಚದಲ್ಲೇ ಕೂರುತ್ತವೆ. ಆದರೆ ನಮ್ಮ ತಾಲ್ಲೂಕು ಪೇಟೆಯಲ್ಲಿ ಅದನ್ನು ಹುಡುಕುವುದು ವ್ಯರ್ಥ. ಹಾಗಾಗಿ ಆ ಮಾತು ಇಷ್ಟೇ ಸಾಕು.

ಇನ್ನು ಒಳಗಿನ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಉಳಿಯುವ ಒಳ್ಳೆಯ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಪಡೆದು, ಬದಲಿಸಿ, ಹಂಚಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದೇನೂ ಹೊಸತಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಹುಟ್ಟಿ, ಮುಂದೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸ್ ಮೇಲೆ. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದ ಲ್ಯಾಪ್‌ಟಾಪ್‌ಗಳಲ್ಲಿಯೂ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಇರುತ್ತಿತ್ತು. ಹೊಸೂರು, ತಾಳವಾಡಿಯ ಎಷ್ಟು ಮನೆಗಳ ಅಟ್ಟದ ಮೇಲೆ ಅವು ಧೂಳು ಹಿಡಿದು ಕೂತಿವೆಯೋ! ಕೆಳಗಿಳಿಸಿ ನೋಡಿ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿ, ಸ್ಲಾಟ್ ಖಾಲಿಯಿದ್ದರೆ ರ‍್ಯಾಮ್ ಹೆಚ್ಚಿಸಿ, ಹಗುರವಾದ ಲಿನಕ್ಸ್ ಏರಿಸಿದರೆ ಓದು ಬರಹದ ಕೆಲಸಕ್ಕೆ ಬರಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಒತ್ತುವುದು, ಚುಚ್ಚುವುದು ಬೇಡ. ಚಾರ್ಜಿಗೆ ಹಾಕದೆ, ತಿಳಿದವರಿಂದ ತೆಗೆಸಿ.

ಲಿನಕ್ಸ್‌ನಲ್ಲಿ ನೂರಾರು ಬಗೆಗಳಿವೆ. ಹೊಸಬರು ಇಲ್ಲೇ ದಾರಿ ತಪ್ಪುವುದು. ದಿನಬಳಕೆಗೆ 2006ರಲ್ಲಿ ಆರಂಭವಾದ ಲಿನಕ್ಸ್ ಮಿಂಟ್ ಅಥವಾ 1993ರಿಂದ ನಡೆದುಬಂದಿರುವ ಡೆಬಿಯನ್ ಸಾಕು. ವಿಂಡೋಸ್ ಬಳಸಿದವರ ಕೈಗೆ ಮಿಂಟ್ ಬೇಗ ಒಗ್ಗುತ್ತದೆ. ಫೆಡೋರಾದಲ್ಲಿ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಆರ್ಚ್ ಎಂಬುದಂತೂ ಸದಾ ಬದಲಾಗುತ್ತಲೇ ಇರುತ್ತದೆ. ಪ್ರಯೋಗದ ಚಪಲಕ್ಕೆ ಇವೆರಡೂ ಚೆನ್ನ, ಮಗಳ ಪರೀಕ್ಷೆಯ ಹಿಂದಿನ ರಾತ್ರಿಗೆ ಅಲ್ಲ. ತೀರಾ ಹಳೆಯ 32 ಬಿಟ್ ಯಂತ್ರವಿದ್ದರೆ 2025ರಲ್ಲಿ ಬಂದ ಡೆಬಿಯನ್ 13ನ್ನು ಅದರ ಮೇಲೆ ಹೊಸದಾಗಿ ಏರಿಸಲಾಗುವುದಿಲ್ಲ. ಅದಕ್ಕೆ ಹಿಂದಿನ ಡೆಬಿಯನ್ 12 ಇದೆ, ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ.

ಕನ್ನಡದ ಮಾತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಅಂಗಡಿಯವರು ಸೊಲ್ಲಾಪುರದಲ್ಲಾಗಲಿ ರಾಯದುರ್ಗದಲ್ಲಾಗಲಿ ತಾವಾಗಿ ಕನ್ನಡ ಹಾಕಿಕೊಡುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಲಿನಕ್ಸ್‌ನ ಕೀಲಿಮಣೆ ಸಂಯೋಜನೆಯಲ್ಲಿ ಕನ್ನಡವನ್ನು ಆರಿಸಿದರೆ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ವಿನ್ಯಾಸಗಳು ಸಿಗುತ್ತವೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕಗಪ ಹೆಚ್ಚು ತೊಡಕಾಗದು. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಅಕ್ಷರ ವಿನ್ಯಾಸಗಳೂ ಡೆಬಿಯನ್ ಭಂಡಾರದಲ್ಲಿವೆ.

ನಿಜವಾದ ಅಪಾಯ ಹಳೆಯ ಕಡತಗಳಲ್ಲಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಬರಹಗಳು ಗಣಕದೊಳಗೆ ಕನ್ನಡವಾಗಿ ಉಳಿದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸಿದ್ದಾರೆ. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ, ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚು. ನಮ್ಮ ಗಡಿನಾಡ ಸಂಘಗಳ ವರದಿಗಳು, ಶಾಲೆಯ ಸ್ಮರಣ ಸಂಚಿಕೆಗಳು, ಹಿರಿಯರ ಬಾಯಿಂದ ಬರೆದುಕೊಂಡ ಹಾಡುಗಳು ಹೀಗೇ ಯಾರದೋ ಹಳೆಯ ಗಣಕದಲ್ಲಿ ಮಲಗಿರುವುದುಂಟು. ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮೊದಲು, ಅದರಲ್ಲಿ ಹೊಸ ವ್ಯವಸ್ಥೆ ಏರಿಸುವ ಮೊದಲು, ಆ ಕಡತಗಳನ್ನು ಫಾಂಟ್ ಸಮೇತ ನಕಲು ಮಾಡಿಕೊಳ್ಳಿ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ತಪ್ಪುಗಳು ನುಸುಳುವುದು ಅಲ್ಲಿಯೇ. ಮೂಲದ ಒಂದು ಮುದ್ರಿತ ಪ್ರತಿಯಿದ್ದರೆ ಎದುರಿಗಿಟ್ಟುಕೊಂಡು ಓದುವುದು ಒಳ್ಳೆಯದು.

ಎಲ್ಲರೂ ಲಿನಕ್ಸ್‌ಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಜೋಡಿಸುವ ಪ್ರೆಸ್ಸಿನವರು ವಿಂಡೋಸ್ ಬಿಡುವ ಹಾಗಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೂ ಲಿನಕ್ಸ್‌ನಲ್ಲಿ ತೊಡಕುಗಳುಂಟು. ಪ್ರಿಂಟರ್ ವಿಚಾರದಲ್ಲಿ ಎಚ್‌ಪಿಯ ಬಹುತೇಕ ಮಾದರಿಗಳು ಲಿನಕ್ಸ್‌ನಲ್ಲಿ ಸಲೀಸು. ಆದರೆ ನಮ್ಮಲ್ಲಿ ಅಂಗಡಿ ಅಂಗಡಿಯಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಸಾಕಷ್ಟು ಕಾಡುತ್ತದೆ. ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಳ್ಳಬಹುದು. ಹಾಗೆ ಮಾಡುವ ಮೊದಲು ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಎಂಬ ಬೀಗ ಹಾಕಿದೆಯೇ ಎಂದು ನೋಡಿ, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಬೀಗ ಬಿದ್ದರೆ ಒಳಗಿನ ಫೋಟೊ, ಪತ್ರ ಯಾವುದೂ ಕೈಗೆ ಸಿಗುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ಜೇಬಿನಲ್ಲಿ ಲಿನಕ್ಸ್ ತುಂಬಿದ ಒಂದು ಪೆನ್ ಡ್ರೈವ್ ಇರಲಿ. ಅದರಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ನೀವಾಗಿ ‘ಇನ್‌ಸ್ಟಾಲ್’ ಒತ್ತದ ಹೊರತು ಒಳಗಿನ ಡಿಸ್ಕಿನಲ್ಲಿರುವುದು ಹಾಗೆಯೇ ಇರುತ್ತದೆ, ಅಂಗಡಿಯವರು ಆತಂಕಪಡಬೇಕಾಗಿಲ್ಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ನೋಡಿ. ಕನ್ನಡ ಕೀಲಿಮಣೆ ಆರಿಸಿ ಅ-ದಿಂದ ಳ-ದವರೆಗೆ ಹೊಡೆದರೆ ಕೀಲಿಗಳ ಪರೀಕ್ಷೆಯೂ ಆದಂತೆ. ಬ್ಯಾಟರಿಯು ಎರಡು ಅಂಕಿಗಳನ್ನು ತೋರಿಸುತ್ತದೆ. ಹೊಸತರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ ಎಂದು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ. ಟಿ480ರಂತೆ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಯಂತ್ರದಲ್ಲಿ ಆ ಕಿಂಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಅದು ಬೋರ್ಡಿಗೆ ಬೆಸೆದದ್ದು, ಸಡಿಲವಾಗಿದ್ದರೆ ಬೆಸುಗೆ ಬಲ್ಲವರೇ ಬೇಕು.

ಕೊನೆಗೆ ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಬಯೋಸ್ ಒಳಕ್ಕೆ ಹೋಗಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಹಿಂದಿನ ಕಂಪನಿ ಹಾಕಿದ ಬೀಗ ಇನ್ನೂ ತೆಗೆದಿಲ್ಲವೆಂದು ಅರ್ಥ. ಅಂಗಡಿಯವರು ನಿಮ್ಮೆದುರಿಗೇ ಅದನ್ನು ತೆಗೆದುಕೊಟ್ಟರೆ ಸರಿ. ಆಮೇಲೆ ನೋಡೋಣ ಎಂದರೆ, ಬೆಲೆ ಎಷ್ಟೇ ಇಳಿಸಿದರೂ, ಆ ಲ್ಯಾಪ್‌ಟಾಪನ್ನು ಅಲ್ಲಿಯೇ ಬಿಟ್ಟು ಪಕ್ಕದ ಅಂಗಡಿಗೆ ನಡೆಯಿರಿ.